ಕೆಳಗಿನ ಪದರ

ಬೆಳಗ್ಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುವಾಗಲೇ ಲೋರ್ನಾ ಕ್ಲಿಮೆಕ್‌ಗೆ ಇವತ್ತು ತನ್ನ ಕೈ ತನ್ನದಲ್ಲ ಅನ್ನಿಸಿಬಿಟ್ಟಿತು. ನಡುಗುತ್ತೇನೂ ಇರಲಿಲ್ಲ. ನಡುಗಿದ್ದರೆ ವಾಸಿಯಿತ್ತು, ನಡುಗುವ ಕೈಗೆ ಒಂದು ಕಾರಣವನ್ನಾದರೂ ಹುಡುಕಬಹುದು. ಅದು ಸುಮ್ಮನೆ ಮೇಜಿನ ಮೇಲೆ ಬಿದ್ದುಕೊಂಡಿತ್ತು, ಯಾರೋ ಬಸ್ಸಿನಲ್ಲಿ ಮರೆತುಹೋದ ಕೈಗವಸಿನ ಹಾಗೆ. ಸಂಜೆ ಇದೇ ಕೈ ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಆಲಿಕೆ ಹಿಡಿಯಬೇಕು. ಹಿಡಿದು, ಅಲ್ಲಾಡಿಸಿ, ಒಂದು ಚಿಟಿಕೆ ಬಿಳಿಪುಡಿ ತೆಗೆದು ತೋರಿಸಬೇಕು. ತೋರಿಸದಿದ್ದರೆ ಆ ಪ್ರಯೋಗಕ್ಕೆ ಸೊನ್ನೆ. ಜನವರಿಯಲ್ಲಿ ಆಗಲೇ ಒಂದು ಸೊನ್ನೆ ಬಿದ್ದಿದೆ. ಎರಡು ಸೊನ್ನೆ ಬಿದ್ದರೆ ಈ ಕೋರ್ಸೇ ಫೇಲು, ಹೋದ ವರ್ಷ ಇದೇ ಕೋರ್ಸನ್ನು ಅರ್ಧಕ್ಕೆ ಬಿಟ್ಟವಳಿಗೆ ಮೂರನೆಯ ಸಲ ಕೂರಲು ಬಿಡುವುದಿಲ್ಲ, ರಸಾಯನಶಾಸ್ತ್ರ ಇಲ್ಲದೆ ಮೆಡಿಕಲ್ ಕಾಲೇಜಿನವರು ಅರ್ಜಿಯ ಲಕೋಟೆಯನ್ನೂ ಒಡೆಯುವುದಿಲ್ಲ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಡಾಕ್ಟರಾಗಲು ಹೊರಟ ಹೆಂಗಸಿನ ಬಾಳು ಒಂದು ಚಿಟಿಕೆ ಪುಡಿಯ ಮೇಲೆ ನಿಂತಿತ್ತು. ನಶ್ಯದ ಚಟದವರ ಬಾಳೂ ಹಾಗೇ ನಿಂತಿರುತ್ತದೆ, ಆದರೆ ಅವರಿಗೆ ಸೀನುವ ಸುಖವಾದರೂ ಉಂಟು.

ಕಿಟಕಿಯ ಆಚೆ ಕ್ಲೀವ್‌ಲ್ಯಾಂಡಿನ ಸರೋವರ ಮಾರ್ಚ್ ತಿಂಗಳಲ್ಲೂ ಬೂದು ಬಣ್ಣದ ಕಲ್ಲಿನ ಹಾಗೆ ಮಲಗಿತ್ತು. ಒಳಗೆ, ಆರನೆಯ ಮಹಡಿಯಲ್ಲಿ, ಆರೋಗ್ಯವಿಮೆ ಕಂಪನಿಯ ಮುಂಗಡ ಒಪ್ಪಿಗೆ ವಿಭಾಗ. ಬೋರ್ಡಿನ ಮೇಲೆ ಒಪ್ಪಿಗೆ; ಕೆಳಗೆ ಕೂತವರು ದಿನವಿಡೀ ಮಾಡುವುದು ತಪ್ಪಿನ ಬೇಟೆ. ಆಪರೇಷನ್ನಿಗೆ, ಯಂತ್ರಕ್ಕೆ, ದುಬಾರಿ ಗುಳಿಗೆಗೆ ಒಪ್ಪಿಗೆ ಕೇಳಿ ಕಾಗದ ಬಂದರೆ ಅದರಲ್ಲಿ ಏನಿಲ್ಲ ಎಂದು ನೋಡುವುದು ಲೋರ್ನಾಳ ಕೆಲಸ. ಏನಿದೆ ಎಂದು ನೋಡುವುದಕ್ಕೆ ಮೇಲಿನ ಮಹಡಿಯಲ್ಲಿ ಕಂಪನಿಯದೇ ಒಬ್ಬ ಡಾಕ್ಟರು, ಆದರೆ ಎಲ್ಲ ಚೌಕಗಳೂ ತುಂಬಿದ ಕಾಗದ ಮಾತ್ರ ಅವರ ತನಕ ಹತ್ತುತ್ತಿತ್ತು. ಹನ್ನೊಂದು ವರ್ಷಗಳಿಂದ ಇದನ್ನೇ ಮಾಡಿ ಅವಳ ದನಿಗೆ ಒಂದು ಹದ ಬಂದಿತ್ತು. ಅಳುವವರ ಜೊತೆ ಅಳದೆ, ಬೈಯುವವರಿಗೆ ಬೈಯದೆ, 'ನಿಮ್ಮ ಪರಿಸ್ಥಿತಿ ನನಗೆ ಅರ್ಥವಾಗುತ್ತದೆ' ಎಂದು ಶುರುಮಾಡಿ 'ಇನ್ನೇನಾದರೂ ಸಹಾಯ ಬೇಕಿತ್ತೇ' ಎಂದು ಮುಗಿಸುವ ಹದ. ಮೊದಲು ಮಾಡಿದ ಸಹಾಯವೇನು ಎಂದು ಯಾರೂ ಕೇಳಿರಲಿಲ್ಲ. ವಿಚಿತ್ರವೆಂದರೆ ಎಲ್ಲರೂ ಕೊನೆಗೆ 'ಥ್ಯಾಂಕ್ಸ್' ಅನ್ನುತ್ತಿದ್ದರು. ಯಾಕೆ ಅನ್ನುತ್ತಾರೆ ಎಂದು ಅವಳಿಗೆ ಇವತ್ತಿನ ತನಕ ಹೊಳೆದಿರಲಿಲ್ಲ.

ಮೊದಲ ಕರೆಯೇ ಪ್ರೂಯಿಟ್ ಅವರದು. ಅದು ಅವರೇ ಎಂದು ಉಸಿರಿನಲ್ಲೇ ಗೊತ್ತಾಗುತ್ತಿತ್ತು; ಅವರ ಉಸಿರಲ್ಲ, ಹಿಂದೆ ಸುಸ್ ಟಕ್, ಸುಸ್ ಟಕ್ ಎನ್ನುವ, ಅವರ ಹೆಂಡತಿಗೆ ಉಸಿರು ಕೊಡುವ ಯಂತ್ರದ್ದು.

"ಡಾಕ್ಟ್ರೇ, ನಾನು. ಗುರುತು ಸಿಕ್ತಾ?"

"ಸಿಕ್ತು ಪ್ರೂಯಿಟ್ ಅವರೇ. ಹೇಳಿ."

"ನಾನೇನ್ ಹೇಳ್ಲಿ, ನೀವ್ ಹೇಳ್ಬೇಕು. ಅರ್ಲೀನು ಎದ್ದಾಗಿಂದ ಒಂದೇ ಪ್ರಶ್ನೆ, ನಿನ್ನ ಡಾಕ್ಟ್ರಮ್ಮ ಏನಂದ್ರು, ಏನಂದ್ರು ಅಂತ. ಈ ಮನೆ ಮಿಷನ್ನು ಸರಪಳಿ ಇದ್ದಂಗೈತೆ ನೋಡಿ. ಪೈಪು ಎಷ್ಟುದ್ದ ಐತೋ ಅಷ್ಟೇ ಅವಳ ಪ್ರಪಂಚ. ಒಲೆ ತಂಕ ಬತ್ತಾಳೆ, ಬಾಗ್ಲ ತಂಕ ಬರಾಕಾಗಲ್ಲ. ಅಂಗಳದಾಗೆ ಕಟ್ಟಾಕಿದ ನಾಯಿ—"

ಹಿಂದಿನಿಂದ ಒಂದು ಸಣ್ಣ ದನಿ: "ಯಾರ್ನ ನಾಯಿ ಅಂತಿದೀಯಾ?"

"ಮಿಷನ್ನಿಗೆ ಅಂದೆ ಕಣೇ! ನೀನ್ಯಾಕೆ ಮೈಮೇಲೆ ಹಾಕ್ಕತೀಯ! ಕೇಳಿಸ್ಕಂಡ್ರಾ ಡಾಕ್ಟ್ರೇ? ಉಸಿರಿಲ್ಲ, ಜಗಳಕ್ಕೆ ಮಾತ್ರ ಎಲ್ಲಿಂದ್ಲೋ ಬತ್ತದೆ. ಆ ಹೆಗಲಿಗೆ ಹಾಕ್ಕಣೋ ಸಣ್ಣ ಮಿಷನ್ನು ಕೊಡ್ಸಿಬಿಟ್ರೆ ಚರ್ಚಿಗೆ ಕರ್ಕಂಡೋಯ್ತೀನಿ. ಹಾಡಕ್ಕಲ್ಲ. ಬೆಂಚ್ ಮೇಲೆ ಕುಂತು ಬ್ಯಾರೆಯೋರು ಸ್ವರ ತಪ್ಪೋದ್ನ ಕೇಳಕ್ಕೆ. ಅದ್ರಾಗೆ ಅವಳಿಗೆ ಬಲೇ ಖುಷಿ."

ಲೋರ್ನಾ ನಕ್ಕಳು. ನಗುವುದು ನಿಯಮದಲ್ಲಿರಲಿಲ್ಲ. ಪರದೆಯ ಮೇಲೆ ಅರ್ಲೀನ್ ಪ್ರೂಯಿಟ್‌ಳ ಕಾಗದದಲ್ಲಿ ಒಂದೇ ಒಂದು ಚೌಕ ಖಾಲಿಯಿತ್ತು: ರೋಗಿಯನ್ನು ನಡೆಸಿ ನೋಡಿದಾಗ ರಕ್ತದಲ್ಲಿ ಆಮ್ಲಜನಕ ಎಷ್ಟಿತ್ತು ಎಂಬ ಅಂಕಿ. ಆಕೆಯ ಕ್ಲಿನಿಕ್ಕಿಗೆ ಒಂದು ಫೋನ್ ಮಾಡಿ ಆ ಅಂಕಿ ತರಿಸಿಕೊಂಡರೆ ಕಾಗದ ಮೇಲಿನ ಮಹಡಿಗೆ ಹತ್ತುತ್ತದೆ. ಇವತ್ತು ಸಂಜೆ ಆರರೊಳಗೆ ಹತ್ತದಿದ್ದರೆ ಕಂಪ್ಯೂಟರು ತಾನೇ ಬಾಗಿಲು ಹಾಕಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಅರ್ಜಿ, ಮತ್ತೆ ತಿಂಗಳುಗಟ್ಟಲೆ.

"ಇವತ್ತೇ ಕಳಿಸ್ತೀನಿ. ನಾನೇ ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳ್ತೀನಿ."

"ನೀವಿದ್ದೀರಲ್ಲ ಡಾಕ್ಟ್ರೇ, ಅದ್ಕೇ ಧೈರ್ಯ."

ಆ ಮಾತು ಕಿವಿಯಲ್ಲಿ ಬೆಲ್ಲದ ಹಾಗೆ ಕರಗಿತು. ಅವಳು ಡಾಕ್ಟರಲ್ಲ. ಮೊದಲನೆಯ ಸಲ ಅವರು ಹಾಗೆ ಕರೆದಾಗಲೇ ತಿದ್ದಬೇಕಿತ್ತು, ಬಾಯಿ ತೆರೆದೂ ಇದ್ದಳು, ಅಷ್ಟರಲ್ಲಿ ಆ ಮನುಷ್ಯ ಮುಂದಕ್ಕೆ ಹೋಗಿದ್ದರು. ಎರಡನೆಯ ಸಲ ತಿದ್ದಿದರೆ ಮೊದಲನೆಯ ಸಲ ಯಾಕೆ ತಿದ್ದಲಿಲ್ಲ ಎಂದಾಗುತ್ತದೆ. ಸುಳ್ಳೂ ಸಾಲದ ಹಾಗೆಯೇ, ತೀರಿಸದೆ ಬಿಟ್ಟಷ್ಟೂ ಬೆಳೆಯುತ್ತದೆ. ಮೂರನೆಯ ಸಲದಿಂದ ಅವಳು ಆ ಕರೆಗೆ ಕಾಯತೊಡಗಿದ್ದಳು.

ಅವಳ ಅಪ್ಪನದೂ ಇದೇ ಉಸಿರಿನ ಕಾಯಿಲೆ. ಉಕ್ಕಿನ ಕಾರ್ಖಾನೆಯ ಹೊಗೆ ಕುಡಿದು, ಅದು ಸಾಲದೆಂದು ಸಿಗರೇಟಿನ ಹೊಗೆಯನ್ನೂ ಕುಡಿದು, ಕೊನೆಗೆ ಆಸ್ಪತ್ರೆಯಲ್ಲಿ ಅವಳ ಮಣಿಕಟ್ಟು ಹಿಡಿದು, 'ಕಿಟಕಿ ತೆಗಿ' ಅಂದಿದ್ದ. ಆ ಕಿಟಕಿ ತೆಗೆಯುವ ಕಿಟಕಿಯಾಗಿರಲಿಲ್ಲ. ಡಾಕ್ಟರಾಗಬೇಕೆಂದು ಅನ್ನಿಸಿದ್ದು ಆಗಲೇ, ಅಥವಾ ಆಗಲೇ ಎಂದು ಅವಳು ಬರೆದಿದ್ದಳು. ಮೆಡಿಕಲ್ ಕಾಲೇಜಿನ ಅರ್ಜಿಗೆ 'ನಾನೇಕೆ ವೈದ್ಯಳಾಗಬೇಕು' ಎಂಬ ಪ್ರಬಂಧ ಬೇಕು, ಅದಕ್ಕೆ ಅಕ್ಷರಗಳ ಮಿತಿ ಉಂಟು. ಮೊದಲ ಕರಡಿನಲ್ಲಿ ಅಪ್ಪ ಪೂರ್ತಿ ಇದ್ದ, ಶನಿವಾರದ ಬೌಲಿಂಗ್ ಆಟ, ಹಲ್ಲು ಕಚ್ಚಿ ಬೈಯುವ ಜೆಕ್ ಭಾಷೆಯ ಬೈಗುಳ, ಎಲ್ಲ. ಎರಡನೆಯದರಲ್ಲಿ ಬೌಲಿಂಗ್ ಹೋಯಿತು. ಮೂರನೆಯದರಲ್ಲಿ ಬೈಗುಳ. ಕಾಲೇಜಿನ ಸಲಹೆಗಾರ್ತಿ ಅದನ್ನೂ ಓದಿ ಕನ್ನಡಕ ಹಣೆಗೇರಿಸಿ, "ಚೆನ್ನಾಗಿದೆ. ಆದ್ರೆ ಈ ವರ್ಷ ಸತ್ತ ಅಪ್ಪಂದಿರು ತುಂಬಾ ಬಂದ್ಬಿಟ್ಟಿದ್ದಾರೆ. ಸ್ವಲ್ಪ ಬೇರೆ ಥರ ಸಾಯಿಸೋಕಾಗುತ್ತಾ?" ಎಂದಿದ್ದಳು, ಸರಿಯಾಗಿ ಇದೇ ಮಾತಲ್ಲ, ಆದರೆ ಲೋರ್ನಾ ಕೇಳಿಸಿಕೊಂಡದ್ದು ಇದನ್ನೇ. ಈಗ ಪ್ರಬಂಧದಲ್ಲಿ ಅಪ್ಪನ ಪಾಲಿಗೆ ಉಳಿದದ್ದು ಎರಡು ವಾಕ್ಯ. ಕಾಯಿಲೆ ಅರ್ಧ ತಿಂದಿತ್ತು, ಮಿಕ್ಕರ್ಧ ಮಗಳು ಅಳಿಸಿದ್ದಳು. ಮೊನ್ನೆ ಅವನ ದನಿ ನೆನಪಿಸಿಕೊಳ್ಳಲು ಹೋದರೆ ಪ್ರಬಂಧದ ದನಿಯೇ ಬಂತು, ಪೂರ್ಣವಿರಾಮ ಸಮೇತ.

"ಏನಮ್ಮಾ ಡಾಕ್ಟರಮ್ಮ, ಕನಸಾ?" ಮೇಲಧಿಕಾರಿ ಮಾರ್ಲಾ ಮೇಜಿನ ಅಂಚಿಗೆ ಸೊಂಟ ಆನಿಸಿ ನಿಂತಿದ್ದಳು. "ನನ್ನ ಈ ಸೊಂಟಕ್ಕೇನಾದ್ರೂ ಬರ್ಕೊಡೇ. ಬೇಡ ಬಿಡು, ನೀನು ಬರ್ಕೊಟ್ರೆ ಅದನ್ನ ತಿರಸ್ಕರಿಸೋಳು ನಾನೇ."

ಸುತ್ತಲಿನ ಮೇಜುಗಳಿಂದ ನಗು ಬಂತು. ಲೋರ್ನಾಳೂ ನಕ್ಕಳು. ಈ ನಗುವಿನಲ್ಲಿ ಭಾಗವಹಿಸದಿದ್ದರೆ ಅದು ಇನ್ನೂ ದೊಡ್ಡದಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಇವತ್ತು ಬುಧವಾರ ಅಲ್ವಾ, ನಿನ್ನ ಸ್ಕೂಲು. ಹೋಗು, ಬೇಡ ಅನ್ನಲ್ಲ. ಕೈಲಿರೋದನ್ನೆಲ್ಲ ಮುಗಿಸಿ ಹೋಗು. ಹೋದ ತಿಂಗಳ ಥರ ನಿನ್ನ ಎಂಜಲು ನಾನು ತೊಳೆಯೋ ಹಾಗಾಗಬಾರದು, ಚಿನ್ನಾ."

'ಸ್ಕೂಲು.' ಮಾರ್ಲಾ ಬೇಕೆಂದೇ ಹಾಗನ್ನುತ್ತಿದ್ದಳೋ ಇಲ್ಲವೋ. ಲೋರ್ನಾ ಮೊದಲ ದಿನ ಆ ಕ್ಲಾಸಿಗೆ ಕಾಲಿಟ್ಟಾಗ ಹತ್ತೊಂಬತ್ತು ಇಪ್ಪತ್ತರ ಮಕ್ಕಳು ಒಮ್ಮೆಗೇ ಸದ್ದಡಗಿದ್ದರು, ಫೋನುಗಳು ಜೇಬು ಸೇರಿದ್ದವು, ಮುಂದಿನ ಸಾಲಿನ ಒಬ್ಬಳು ಎದ್ದು, "ಮೇಡಂ, ಪಠ್ಯಪುಸ್ತಕ ಕಡ್ಡಾಯಾನಾ?" ಎಂದು ಕೇಳಿದ್ದಳು. ಎಲ್ಲರ ಕಣ್ಣೂ ತನ್ನ ಮೇಲೆ. ಆ ಒಂದು ಕ್ಷಣ ಅವಳು ಪ್ರೊಫೆಸರೇ ಆಗಿದ್ದಳು. ಆಮೇಲೆ ಹಿಂದಿನ ಬೆಂಚಿಗೆ ನಡೆದುಹೋಗಿ ಕೂರಬೇಕಾಯಿತು. ಮುಂದಿನಿಂದ ಹಿಂದಿನವರೆಗಿನ ಆ ನಡಿಗೆಯಷ್ಟು ಉದ್ದದ ದಾರಿಯನ್ನು ಅವಳು ತನ್ನ ಮದುವೆಯ ದಿನ ಚರ್ಚಿನಲ್ಲೂ ನಡೆದಿರಲಿಲ್ಲ. ಕೂತಮೇಲೆ ಬೆಂಚು ಕಿರ್ ಎಂದಿತು, ಎಲ್ಲರೂ ನಕ್ಕರು, ಫೋನುಗಳು ಜೇಬಿನಿಂದ ಹೊರಗೆ ಬಂದವು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕ್ಲಿನಿಕ್ಕಿಗೆ ಫೋನ್ ಮಾಡುವುದೆಂದು ಅಂದುಕೊಂಡಿದ್ದಳು. ಡಬ್ಬಿಯಲ್ಲಿ ಗ್ಯಾರಿ ತುಂಬಿಕೊಟ್ಟ ಪಿಯೆರೋಗಿ, ಆಲೂಗಡ್ಡೆ ಹೂರಣದ ಕಡುಬು, ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಟೀ. ಗ್ಯಾರಿ ಅವಳ ಗಂಡ. ನಗರಸಭೆಯ ಹಿಮ ತೆಗೆಯುವ ಲಾರಿ ಓಡಿಸುತ್ತಾನೆ, ಬೆಳಕು ಹರಿಯುವ ಮುಂಚೆ ಎದ್ದು ಊರಿನ ದಾರಿ ತೆರವು ಮಾಡಿ ಬಂದು ಅವಳ ಡಬ್ಬಿ ಕಟ್ಟುತ್ತಾನೆ. ಫ್ಲಾಸ್ಕಿನ ಮೇಲೆ 'ಡಾ. ಲೋರ್ನಾ' ಎಂದು ಪಟ್ಟಿ ಅಂಟಿಸಿದ್ದ. ಅವನು ಒಂದು ದಿನ ಗೊಣಗಿದ್ದರೆ, ಒಂದೇ ಒಂದು ದಿನ 'ಸಾಕು ಮಾಡೇ' ಅಂದಿದ್ದರೆ, ಅವಳು ಸಿಟ್ಟಿನಲ್ಲಾದರೂ ಬಿಟ್ಟುಬಿಡಬಹುದಿತ್ತು. ಒಳ್ಳೆಯವರ ಮನೆಯಲ್ಲಿ ಸೋಲುವುದಕ್ಕೂ ಜಾಗ ಇರುವುದಿಲ್ಲ. ಪಟ್ಟಿ ಕಾಣದ ಹಾಗೆ ಫ್ಲಾಸ್ಕನ್ನು ಗೋಡೆಯ ಕಡೆ ತಿರುಗಿಸಿಟ್ಟು ಸಂಜೆಯ ಪ್ರಯೋಗದ ಹಾಳೆ ತೆಗೆದಳು: ಟೀ ಸೊಪ್ಪಿನಿಂದ ಕೆಫೀನ್ ಬೇರ್ಪಡಿಸುವುದು. ಪ್ರಯೋಗಕ್ಕೆ ಮುಂಚೆ ಒಂದು ಸಣ್ಣ ಪರೀಕ್ಷೆ ಬೇರೆ. ಒಂದು ಪುಟ ಓದಿ ಕ್ಲಿನಿಕ್ಕಿಗೆ ಮಾಡೋಣ ಅಂದುಕೊಂಡಳು. ಪುಟ ಮುಗಿಯಿತು, ಬಿಡುವೂ ಮುಗಿಯಿತು. ಮೂರು ಗಂಟೆಗೆ ಮಾಡೋಣ ಅಂದುಕೊಂಡಳು. ಮೂರು ಗಂಟೆಗೆ ಬೇರೆ ಯಾರೋ ಕಿವಿಯಲ್ಲಿ ಅಳುತ್ತಿದ್ದರು. ನಾಲ್ಕಕ್ಕೆ ಕ್ಲಿನಿಕ್ಕಿನವರು ಸಂಗೀತ ಹಾಕಿ ಕಾಯಿಸಿದರು. ಕಾದು ಕಾದು ಕಾಸಿದ ಹಾಲಾದಳು. ಕೆನೆ ಕಟ್ಟಿತೇ ಹೊರತು ಯಾರೂ ಬರಲಿಲ್ಲ. ಇನ್ನು ಹೊರಡದಿದ್ದರೆ ಲ್ಯಾಬಿನ ಬಾಗಿಲು ಹಾಕುತ್ತಾರೆ. ಕ್ಲಿನಿಕ್ಕಿನ ಸಂದೇಶದ ಯಂತ್ರದಲ್ಲಿ ತನ್ನ ಫೋನ್ ನಂಬರು ಬಿಟ್ಟಳು. ಅಂಕಿ ಬಂದರೆ ತಿಳಿಸುತ್ತೇನೆ, ಕಾಗದ ಕಳಿಸಿಬಿಡಿ ಎಂದು ಮಾರ್ಲಾಗೆ ಒಂದು ಮಾತು ಹೇಳಿ ಹೋಗಬೇಕಿತ್ತು. ಮಾರ್ಲಾಳ ಬಾಗಿಲ ತನಕ ಹೋದಳು ಕೂಡ. ಒಳಗಿನಿಂದ ನಗು ಕೇಳಿಸಿತು. ಎಂಜಲು ಎಂಬ ಮಾತು ನೆನಪಾಯಿತು. ಕೋಟು ಹಾಕಿಕೊಂಡು ಮೆಟ್ಟಿಲಿಳಿದಳು, ಲಿಫ್ಟಿನಲ್ಲಿ ಯಾರಾದರೂ ಸಿಕ್ಕಾರೆಂದು.

ಲ್ಯಾಬಿನಲ್ಲಿ ಆಗಲೇ ಟೀ ಕುದಿಯುವ ವಾಸನೆ. ಇಡೀ ಕೋಣೆ ಯಾರದೋ ಅಜ್ಜಿಯ ಅಡುಗೆಮನೆಯ ಹಾಗೆ ಬೆಚ್ಚಗಿತ್ತು, ಅಜ್ಜಿ ಮಾತ್ರ ತಾನೊಬ್ಬಳೇ ಎಂದುಕೊಂಡು ಲೋರ್ನಾ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿದಳು. ಸಣ್ಣ ಪರೀಕ್ಷೆ ಪರವಾಗಿಲ್ಲ ಅನ್ನುವ ಹಾಗಾಯಿತು. ಲ್ಯಾಬ್ ನೋಡಿಕೊಳ್ಳುವವನು ಟೋಬಿಯಾಸ್, ಪಿಎಚ್‌ಡಿ ಮಾಡುತ್ತಿದ್ದ ಹುಡುಗ, ಒಳಗೂ ಉಣ್ಣೆಯ ಟೋಪಿ ತೆಗೆಯದವನು. ಪ್ರತಿವಾರದ ಹಾಗೆ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದ: ಕೊನೆಯವರೆಗೂ ಏನನ್ನೂ ಚೆಲ್ಲಬೇಡಿ.

"ನೀವೆಲ್ಲ ಬುದ್ಧಿವಂತರು ಅಂತ ನನಗ್ಗೊತ್ತು," ಎಂದ. "ಆದ್ರೂ ಪ್ರತಿವರ್ಷ ಯಾರೋ ಒಬ್ರು ಬೇಕಾದ್ದು ಚೆಲ್ಲಿ ಬೇಡಾದ್ದು ಇಟ್ಕೋತಾರೆ. ಹೋದ ವಾರ ನಮಗೆ ಬೇಕಾದ್ದು ಮೇಲೆ ತೇಲ್ತಿತ್ತು, ಕೆಳಗಿನ ನೀರು ಚೆಲ್ಲಿದ್ವಿ. ಈ ವಾರದ ದ್ರಾವಕ ನೀರಿಗಿಂತ ಭಾರ. ಅದು ಕೆಳಗಿರುತ್ತೆ. ನೋಡೋಕೆ ನೀರಿನ ಥರಾನೇ ಇರುತ್ತೆ. ಕೆಫೀನ್ ಇರೋದು ಅದರಲ್ಲಿ. ಮೇಲಿರೋ ಕಂದು ಟೀ ಬರೀ ಬಣ್ಣ. ಬಣ್ಣಕ್ಕೆ ಮರುಳಾಗ್ಬೇಡಿ."

ಪಕ್ಕದ ಜಾಗದ ಬ್ರಿನ್ ಎಂಬ ಹುಡುಗಿ ಪಿಸುಗುಟ್ಟಿದಳು: "ಮೇಡಂ, ಇದು ನನ್ನ ಹಳೇ ಬಾಯ್‌ಫ್ರೆಂಡ್ ಬಗ್ಗೆ ಹೇಳ್ತಿದ್ದಾನೆ ಅನ್ಸುತ್ತೆ." ಇಷ್ಟು ತಿಂಗಳಾದರೂ ಬ್ರಿನ್‌ಗೆ ಅವಳು ಮೇಡಮ್ಮೇ. ಬ್ರಿನ್‌ಳ ಅಮ್ಮ ಡಾಕ್ಟರು, ಅಮ್ಮನ ಅಪ್ಪನೂ ಡಾಕ್ಟರು. ವೈದ್ಯಕೀಯ ಆ ಹುಡುಗಿಗೆ ಮನೆತನದ ಮೂಗಿನ ಹಾಗೆ ತಾನಾಗಿಯೇ ಬಂದಿತ್ತು, ಪ್ರಬಂಧದಲ್ಲಿ ಯಾರನ್ನೂ ಸಾಯಿಸಬೇಕಾಗಿರಲಿಲ್ಲ.

ಟೀ ಆರಿತು. ಲೋರ್ನಾ ಅದನ್ನು ಮೇಲೆ ಬಿರಡೆ, ಕೆಳಗೆ ನಲ್ಲಿ ಇರುವ ಆಲಿಕೆಗೆ ಸುರಿದು, ದ್ರಾವಕ ಹಾಕಿ, ಬಿರಡೆ ಒತ್ತಿಹಿಡಿದು ಮೆಲ್ಲಗೆ ತಲೆಕೆಳಗು ಮಾಡಿದಳು. ಬೆಳಗ್ಗೆ ಸತ್ತ ಹಾಗಿದ್ದ ಕೈ ಈಗ ತನ್ನ ಮಾತು ಕೇಳುತ್ತಿತ್ತು. ನಿಲ್ಲಿಸಿದಾಗ ಒಳಗಿದ್ದದ್ದೆಲ್ಲ ಕದಡಿಹೋಗಿ, ಆಮೇಲೆ ಸಾವಕಾಶವಾಗಿ, ಯಾರೂ ಹೇಳದೆ, ಎರಡಾಯಿತು. ಮೇಲೆ ಕಂದು, ಕೆಳಗೆ ತಿಳಿ, ನಡುವೆ ಕೂದಲೆಳೆಯಂಥ ಗೆರೆ. ಅವಳಿಗೆ ಈ ಒಂದು ಗಳಿಗೆ ಎಂದರೆ ಪ್ರಾಣ. ರಸಾಯನಶಾಸ್ತ್ರದಲ್ಲಿ ರಸವೆಲ್ಲ ಬ್ರಿನ್‌ಳಂಥವರ ಪಾಲಾಗಿ ತನಗೆ ಉಳಿದದ್ದು ಬರೀ ಆಯಾಸ ಎಂದು ಎಷ್ಟೇ ಗೊಣಗಿದರೂ, ಹೀಗೆ ಒಂದು ಗೆರೆ ತಾನಾಗಿ ಮೂಡುವುದನ್ನು ನೋಡಿದಾಗ ಎದೆಯೊಳಗೂ ಏನೋ ತಿಳಿಯಾಗುತ್ತಿತ್ತು. ಅಪ್ಪ ಬೇರೆ, ಆಫೀಸು ಬೇರೆ, ಗ್ಯಾರಿ ಬೇರೆ, ತಾನು ಬೇರೆ. ಕೆಳಗಿನ ನಲ್ಲಿ ತಿರುಗಿಸಿ ತಿಳಿಯಾದದ್ದನ್ನು ಒಂದು ಗಾಜಿನ ಲೋಟಕ್ಕೆ ಇಳಿಸಿದಳು. ಮತ್ತೆ ದ್ರಾವಕ, ಮತ್ತೆ ಅಲುಗಾಟ, ಮತ್ತೆ ಗೆರೆ.

ಆಗ ಕೋಟಿನ ಜೇಬಿನಲ್ಲಿ ಫೋನು ಅಲುಗಿತು. ಲ್ಯಾಬಿನಲ್ಲಿ ಫೋನ್ ತೆಗೆಯುವ ಹಾಗಿಲ್ಲ, ತೆಗೆದರೆ ಹೊರಗೆ. ಬಗ್ಗಿ ನೋಡಿದಳು. ಕ್ಲಿನಿಕ್ಕಿನ ನಂಬರು. ಅಲುಗಿ ಅಲುಗಿ ನಿಂತಿತು. ಇನ್ನೂ ಆರು ಗಂಟೆಯಾಗಿಲ್ಲ, ಈಗ ಹೊರಗೆ ಹೋಗಿ ಮಾತಾಡಿ, ಮಾರ್ಲಾಗೆ ಅಂಕಿ ಹೇಳಿದರೆ ಅವಳು ಬೈದುಕೊಂಡಾದರೂ ಕಳಿಸುತ್ತಾಳೆ. ಹೊರಗೆ ಹೋದರೆ ಪ್ರಯೋಗ ಅಲ್ಲಿಗೇ ನಿಲ್ಲುತ್ತದೆ, ಟೋಬಿಯಾಸ್ ಸೊನ್ನೆ ಹಾಕುತ್ತಾನೆ. ಫೋನು ಮತ್ತೆ ಅಲುಗಿತು. ತೊಡೆಗೆ ಹತ್ತಿದ ಆ ನಡುಕ ಸುಸ್ ಟಕ್, ಸುಸ್ ಟಕ್ ಎಂದ ಹಾಗಾಯಿತು. ನಾನು ಇವತ್ತು ಇದನ್ನು ಬಿಟ್ಟರೆ ಮುಂದೆ ನೂರು ಅರ್ಲೀನರನ್ನು ಉಳಿಸಲಾರೆ ಎಂದು ಒಂದು ಮನಸ್ಸು ಪ್ರಬಂಧದ ಭಾಷೆಯಲ್ಲಿ ಹೇಳಿತು. ಇನ್ನೊಂದು ಮನಸ್ಸು ಸುಮ್ಮನೆ ನೋಡಿತು. ಅಪ್ಪ ಕಿಟಕಿ ತೆಗಿ ಅಂದಾಗ, 'ಬರೋದಿಲ್ಲಪ್ಪ, ಇದು ತೆಗೆಯೋ ಕಿಟಕಿ ಅಲ್ಲ' ಎಂದಿದ್ದಳು. ಅವನಿಗೆ ಗೊತ್ತಿರಲಿಲ್ಲವೇ? ಉಕ್ಕಿನ ಚೌಕಟ್ಟು ಎರಕ ಹೊಯ್ದವನಿಗೆ? ಒಂದು ಕೈಯನ್ನಾದರೂ ಕಿಟಕಿಯ ಮೇಲಿಟ್ಟು ಎಳೆದ ಹಾಗೆ ಮಾಡಬಹುದಿತ್ತು. ಫೋನು ನಿಂತಿತು. ಅವಳು ಎತ್ತಲಿಲ್ಲ. ಎತ್ತದೆ ಇದ್ದದ್ದಕ್ಕೆ ಒಂದು ಬಗೆಯ ಹೆಮ್ಮೆ, ಆ ಹೆಮ್ಮೆಯ ಬಾಲ ಹಿಡಿದು ಅಸಹ್ಯ. ಎರಡೂ ಬೇರೆಯಾಗದ ಹಾಗೆ ಕದಡಿಕೊಂಡಿರುವಾಗ ಅವಳ ಕೈ ತನ್ನಷ್ಟಕ್ಕೆ ಕೆಲಸ ಮುಗಿಸಿತು. ಆಲಿಕೆಯಲ್ಲಿದ್ದ ಕಂದು ಟೀಯನ್ನು ಜೋಪಾನವಾಗಿ ಒಂದು ಪಾತ್ರೆಗೆ ಇಳಿಸಿ ಮುಚ್ಚಿಟ್ಟಿತು. ತಿಳಿಯಾದ ಲೋಟವನ್ನು ಎತ್ತಿಕೊಂಡು ಮೂಲೆಯ ದೊಡ್ಡ ಗಾಜಿನ ಜಾಡಿಗೆ, ಎಲ್ಲರೂ ಮುಗಿಸಿದ ಟೀ ಸುರಿಯುವ ತ್ಯಾಜ್ಯದ ಜಾಡಿಗೆ, ಕೊನೆಯ ಹನಿಯವರೆಗೂ ಬಗ್ಗಿಸಿತು. ಹೋದ ವಾರದ ಹಾಗೆ. ಕೆಳಗಿನದು ನೀರು, ನೀರು ಚೆಲ್ಲು.

"ಮೇಡಂ," ಅಂದಳು ಬ್ರಿನ್. "ನೀವು ಯಾಕೆ ಟೀ ಇಟ್ಕೊಂಡಿದ್ದೀರಾ?"

ಲೋರ್ನಾ ಮುಚ್ಚಿಟ್ಟ ಪಾತ್ರೆಯನ್ನು ನೋಡಿದಳು. ಖಾಲಿ ಲೋಟವನ್ನು ನೋಡಿದಳು. ಮೂಲೆಗೆ ಹೋಗಿ ಜಾಡಿಯ ಮುಂದೆ ಕೂತಳು. ಮೇಲೆ ಇಡೀ ಕ್ಲಾಸಿನ ಕಂದು ಟೀ. ಅದರ ಅಡಿಯಲ್ಲಿ, ಅದೋ, ತಳಕ್ಕೆ ಇಳಿದು ಮಲಗಿದ ಅವಳ ತಿಳಿ ಪದರ. ನಡುವಿನ ಗೆರೆ ಎಷ್ಟು ಚೊಕ್ಕವಾಗಿ ಮೂಡಿತ್ತೆಂದರೆ ಪಠ್ಯಪುಸ್ತಕಕ್ಕೆ ಚಿತ್ರ ತೆಗೆಯಬಹುದಿತ್ತು.

"ಟೋಬಿಯಾಸ್," ಎಂದು ಕರೆದಳು. ದನಿ ಆಫೀಸಿನದೇ ಬಂತು. "ಅದು ಅಲ್ಲೇ ಇದೆ. ಕಾಣ್ತಿದೆ. ಒಂದು ಕೊಳವೆ ಹಾಕಿ ತಳದಿಂದ ಎಳೆದುಬಿಟ್ರೆ…"

ಅವನೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ. "ಹೌದು, ಅಲ್ಲೇ ಇದೆ. ಆದ್ರೆ ಜಾಡಿಗೆ ಹೋದದ್ದು ವಾಪಸ್ ಬರೋ ಹಾಗಿಲ್ಲ ಲೋರ್ನಾ. ಈಗ ಅದು ಯಾರದ್ದೂ ಅಲ್ಲ. ಅದರಲ್ಲಿ ಯಾರ್ಯಾರ ಏನೇನು ಸೇರಿದೆಯೋ."

"ಮತ್ತೆ ಮಾಡ್ತೀನಿ. ಬೇಗ ಮಾಡ್ತೀನಿ."

"ಆರೋದಕ್ಕೇ ಒಂದು ಗಂಟೆ ಬೇಕು. ಬಾಗ್ಲು ಹಾಕ್ತಾರೆ."

"ಬೇರೆ ದಿನ? ಜನವರಿಯಲ್ಲೊಂದು ಹೋಗಿದೆ. ಇದೂ ಹೋದ್ರೆ ನನಗೆ… ನಿಮಗ್ಗೊತ್ತಲ್ಲ."

ಟೋಬಿಯಾಸ್ ಟೋಪಿ ತೆಗೆದ. ಅವನ ಕೂದಲು ಎಷ್ಟು ತೆಳ್ಳಗಿದೆ ಎಂದು ಅವಳು ಅಂಥಾ ಹೊತ್ತಿನಲ್ಲೂ ಗಮನಿಸಿದಳು. "ನಿಮ್ಮ ಪರಿಸ್ಥಿತಿ ನನಗೆ ಅರ್ಥವಾಗುತ್ತೆ," ಅಂದ. "ನಿಯಮ ನಾನು ಮಾಡಿದ್ದಲ್ಲ."

ಅವಳಿಗೆ ನಗು ಬಂತು. ಎಷ್ಟು ಚೆನ್ನಾಗಿ ಹೇಳಿದ! ಎಷ್ಟು ಹದವಾಗಿ, ಎಲ್ಲಿ ಉಸಿರೆಳೆಯಬೇಕೋ ಅಲ್ಲಿ ಎಳೆದು! ಮಾರ್ಲಾ ಕೇಳಿಸಿಕೊಂಡಿದ್ದರೆ ನಾಳೆಯೇ ಕೆಲಸಕ್ಕೆ ಬಾ ಅನ್ನುತ್ತಿದ್ದಳು. "ಥ್ಯಾಂಕ್ಸ್," ಅಂದಳು ಲೋರ್ನಾ. ಅಂದ ಮೇಲೆ ಹೊಳೆಯಿತು, ಅವರೆಲ್ಲ ಯಾಕೆ ಹಾಗನ್ನುತ್ತಾರೆಂದು. ಇಲ್ಲ ಎಂದವನ ಮುಖದಲ್ಲಿ ಒಂದು ಸಂಕಟ ಕಾಣುತ್ತದೆ, ಅದನ್ನು ಅವನ ಮುಖದ ಮೇಲೆಯೇ ಬಿಟ್ಟುಹೋಗಲು ಕಷ್ಟವಾಗುತ್ತದೆ, ಅಷ್ಟೇ.

ಬ್ರಿನ್‌ಳ ಲೋಟದ ತಳದಲ್ಲಿ ಹಸಿರು ಛಾಯೆಯ ಬಿಳಿಪುಡಿ ಆರುತ್ತಿತ್ತು. ಟೋಬಿಯಾಸ್ ಆ ಕಡೆ ತಿರುಗಿದಾಗ ಹುಡುಗಿ ಪಿಸುಗುಟ್ಟಿದಳು, "ಮೇಡಂ, ನನ್ನದರಲ್ಲಿ ಅರ್ಧ ತಗೊಳ್ಳಿ." ಲೋರ್ನಾ ಬೇಡ ಎನ್ನಬೇಕು ಅಂದುಕೊಂಡಳು. ಅಂದುಕೊಳ್ಳುತ್ತಿರುವಾಗಲೇ ಅವಳ ಕೈ ಖಾಲಿ ಲೋಟವನ್ನು ಮುಂದೆ ಚಾಚಿತ್ತು. ಬ್ರಿನ್ ಚಮಚೆಯ ತುದಿಯಲ್ಲಿ ಪುಡಿ ಕೆದಕಿದಳು, ತಡೆದಳು, ಮತ್ತೊಮ್ಮೆ ನೋಡಿದಳು. "ಅರ್ಧ ಅಂದ್ರೆ… ಪೂರ್ತಿ ಅರ್ಧ ಅಲ್ಲ," ಎಂದಳು. ಆಮೇಲೆ, "ಅಯ್ಯೋ ಸಾರಿ ಮೇಡಂ, ನಂದೇ ಕಮ್ಮಿ ಇದೆ," ಎಂದು ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. ಚಾಚಿದ ಲೋಟ ಗಾಳಿಯಲ್ಲಿ ಸ್ವಲ್ಪ ಹೊತ್ತು ಹಾಗೇ ಇತ್ತು. ಅದನ್ನು ತೊಳೆಯುವ ನೆಪ ಮಾಡಿ ಲೋರ್ನಾ ನಲ್ಲಿಯ ಕಡೆ ನಡೆದಳು. ಈಗಾಗಲೇ ಚೊಕ್ಕವಾಗಿದ್ದ ಲೋಟವನ್ನು ಬ್ರಷ್ಷು ಹಾಕಿ ತಿಕ್ಕಿದಳು.

ಕಾರಿನಲ್ಲಿ ಕೂತಾಗ ಗಾಜಿನ ಮೇಲೆ ತೆಳ್ಳಗೆ ಮಂಜು ಕಟ್ಟಿತ್ತು. ಫೋನಿನಲ್ಲಿ ಕ್ಲಿನಿಕ್ಕಿನವರ ದನಿ: ಪ್ರೂಯಿಟ್ ಅವರ ಅಂಕಿ ಇಷ್ಟು, ನಾವು ಮನೆಗೆ ಹೊರಟೆವು. ಗ್ಯಾರಿಯ ಸಂದೇಶ: 'ಹೇಗಾಯ್ತು ಡಾಕ್ಟ್ರೇ? ಸೂಪ್ ಬಿಸಿ ಇದೆ.' ಆರು ಗಂಟೆ ಆಗಿಹೋಗಿತ್ತು, ಕಂಪ್ಯೂಟರು ಬಾಗಿಲು ಹಾಕಿಕೊಂಡಿರುತ್ತದೆ, ಅದಕ್ಕೆ ಟೋಪಿ ತೆಗೆಯುವ ಸಂಕಟವೂ ಇಲ್ಲ. ಸ್ವಂತ ಫೋನಿನಿಂದ ಗ್ರಾಹಕರಿಗೆ ಕರೆ ಮಾಡಿದರೆ ಕೆಲಸ ಹೋಗುತ್ತದೆ. ಹೋಗಲಿ ಎಂದೇನೂ ಅವಳು ಅಂದುಕೊಳ್ಳಲಿಲ್ಲ. ಅಷ್ಟು ಧೈರ್ಯ ಅವಳಿಗೆ ಎಂದೂ ಇರಲಿಲ್ಲ. ಬೆರಳಿಗೆ ಆ ನಂಬರು ಬಾಯಿಪಾಠವಾಗಿತ್ತು, ಅಷ್ಟೇ.

"ಪ್ರೂಯಿಟ್ ಅವರೇ, ನಾನು ಲೋರ್ನಾ."

"ಯಾವ ಲೋರ್ನಾ?"

ಅವರಿಗೆ ತನ್ನ ಹೆಸರೇ ಗೊತ್ತಿಲ್ಲ ಎಂಬುದು ಅವಳಿಗೆ ಹೊಳೆದೇ ಇರಲಿಲ್ಲ. "ಇನ್ಶೂರೆನ್ಸಿನವಳು."

"ಓಹೋ ಡಾಕ್ಟ್ರೇ! ಏನಾಯ್ತು, ಹೇಳಿ, ಹೇಳಿ."

"ಆಗ್ಲಿಲ್ಲ. ಕಾಗದ ಕಳ್ಸೋಕಾಗ್ಲಿಲ್ಲ. ಕ್ಲಿನಿಕ್ಕಿನವರು ಫೋನ್ ಮಾಡಿದ್ರು, ನಾನು ಎತ್ತಲಿಲ್ಲ. ತಪ್ಪು ನಂದೇ. ಈಗ ಮತ್ತೆ ಮೊದಲಿಂದ ಹಾಕ್ಬೇಕು."

ಆ ಕಡೆ ಸುಸ್ ಟಕ್. ಸುಸ್ ಟಕ್.

"ಇನ್ನೊಂದು," ಎಂದಳು. "ನಾನು ಡಾಕ್ಟರಲ್ಲ. ಮೊದಲೇ ಹೇಳ್ಬೇಕಿತ್ತು. ನಾನು ಬರೀ ಫೋನ್ ಎತ್ತೋಳು. ಡಾಕ್ಟರ್ ಅಲ್ಲ." ಆಮೇಲೆ, ಯಾರೂ ಕೇಳದಿದ್ದರೂ, "ಆಗೋದೂ ಇಲ್ಲ" ಎಂದದ್ದ‌ನ್ನು ಅವಳೇ ಕೇಳಿಸಿಕೊಂಡಳು. ಗ್ಯಾರಿಗೆ ಹೇಳಬೇಕಾದ ಮಾತು ದಾರಿ ತಪ್ಪಿ ಇಲ್ಲಿ ಬಂದು ಬಿದ್ದಿತ್ತು.

ಪ್ರೂಯಿಟ್ ನಕ್ಕರು. ಸಿಟ್ಟಿಲ್ಲದ, ದಣಿದ ನಗು.

"ಗೊತ್ತಿಲ್ವಾ ಮಗಳೇ ನಂಗೆ? ಡಾಕ್ಟ್ರು ಯಾರಾರ ಅವ್ರೇ ಫೋನ್ ಎತ್ತಾರಾ? ಮೊದಲ್ನೇ ದಿನ ಬಾಯ್ತಪ್ಪಿ ಅಂದುಬಿಟ್ಟೆ. ನೋಡ್ತೀನಿ, ನಿನ್ನ ದನೀನೇ ಬದಲಾಗೋಯ್ತು. ಮಿಕ್ಕೋರೆಲ್ಲ ಇನ್ನೇನಾರ ಸಹಾಯ ಬೇಕಾ ಅಂತ ಕೇಳಿ ಪಟ್ಟಂತ ಇಡೋರು. ನೀನು ಮಾತ್ರ ಕುಂತು ಕೇಳ್ತಿದ್ದೆ. ಸರಿ, ಹಂಗಂದ್ರೆ ಕೆಲ್ಸ ಆಯ್ತದೆ ಅನ್ಕಂಡು ಹಂಗೇ ಕರೀತಾ ಬಂದೆ. ನಂಗೇನು ಗಂಟು ಹೋಯ್ತದಾ?"

ಹಿಂದಿನಿಂದ ಅರ್ಲೀನ್‌ಳ ದನಿ, ಪೈಪಿನ ಉದ್ದದಷ್ಟು ದೂರದಿಂದ: "ಯಾರದು? ಡಾಕ್ಟ್ರಮ್ಮಾನಾ?"

ಅವರು ಫೋನಿಗೆ ಕೈ ಅಡ್ಡ ಹಿಡಿದರು, ಸರಿಯಾಗಿ ಮುಚ್ಚಲಿಲ್ಲ. "ಯಾರೂ ಇಲ್ಲ ಕಣೇ. ಇನ್ಶೂರೆನ್ಸ್‌ನೋರು." ಆಮೇಲೆ ಈ ಕಡೆಗೆ, "ಸರಿ ಮಗಳೇ. ಫೋನ್ ಮಾಡಿ ಹೇಳ್ದಲ್ಲ, ಥ್ಯಾಂಕ್ಸು."

ಸುಸ್ ಟಕ್ ಅರ್ಧಕ್ಕೆ ನಿಂತಿತು.

ಪಕ್ಕದ ಸೀಟಿನಲ್ಲಿ ಬೆಳಗ್ಗಿನ ಫ್ಲಾಸ್ಕು ಹಾಗೇ ಇತ್ತು, ಇಡೀ ದಿನ ಅವಳು ಅದರ ಬಿರಡೆ ತೆಗೆದಿರಲಿಲ್ಲ. 'ಡಾ. ಲೋರ್ನಾ' ಪಟ್ಟಿಯ ಒಂದು ತುದಿ ಎದ್ದಿತ್ತು. ಕೀಳಲು ಹೋದ ಬೆರಳು ಅದನ್ನು ಮತ್ತೆ ಒತ್ತಿ ಅಂಟಿಸಿತು. ಮುಚ್ಚಳಕ್ಕೆ ಟೀ ಬಗ್ಗಿಸಿದಳು. ತಣ್ಣಗಾಗಿತ್ತು. ಪಾರ್ಕಿಂಗ್ ದೀಪದ ಬೆಳಕು ಬೀಳುವ ಕಡೆ ಅದನ್ನು ಹಿಡಿದುಕೊಂಡು, ಕುಡಿಯದೆ, ಅಲುಗಾಡಿಸದೆ, ಪದರ ಬಿಡುತ್ತದೇನೋ ಎಂದು ನೋಡುತ್ತ ಕೂತಳು.